ಪದ ಪರಿಚಯ: ಫುಟ್‌ಬಾಲ್‌ನ ‘ಬಡ್ತಿ’

‘ಬಡ್ತಿ’ ಎಂದೊಡನೆ ಕನ್ನಡಿಗರ ಮನಸ್ಸು ಕಚೇರಿಯ ಕಡೆಗೆ ಹೋಗುತ್ತದೆ: ಇಷ್ಟು ವರ್ಷಗಳ ಸೇವೆ, ಜ್ಯೇಷ್ಠತಾ ಪಟ್ಟಿ, ತೆರವಾದ ಒಂದು ಹುದ್ದೆ, ಕೊನೆಗೆ ಮೇಲಿನಿಂದ ಬರುವ ಆದೇಶ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ಗಳ ಸುದ್ದಿಯಲ್ಲಿ ಇದೇ ಪದ ಬಂದಾಗ ಈ ಅರ್ಥದ ಅರ್ಧವನ್ನು ಮಾತ್ರ ಉಳಿಸಿಕೊಳ್ಳಬೇಕು. ಕೆಳಗಿನ ಹಂತದಿಂದ ಮೇಲಿನ ಹಂತಕ್ಕೆ ಏರುವುದು ಎಂಬ ಅರ್ಥ ಉಳಿಯುತ್ತದೆ. ಯಾರೋ ಕೊಡುತ್ತಾರೆ ಎಂಬ ಅರ್ಥ ಉಳಿಯುವುದಿಲ್ಲ. ಇಲ್ಲಿ ಬಡ್ತಿ ಪಡೆಯುವುದು ಒಬ್ಬ ಆಟಗಾರನಲ್ಲ, ತರಬೇತುದಾರನೂ ಅಲ್ಲ, ಇಡೀ ಕ್ಲಬ್. ಆಗಸ್ಟ್‌ನಿಂದ ಮೇ ತಿಂಗಳವರೆಗೆ ಆಡಿದ ಪಂದ್ಯಗಳ ಅಂಕಗಳನ್ನು ಕೂಡಿದಾಗ ಪಟ್ಟಿಯ ಮೇಲ್ತುದಿಯಲ್ಲಿ ಯಾರಿದ್ದಾರೋ ಅವರು ಮುಂದಿನ ಋತುವನ್ನು ಮೇಲಿನ ವಿಭಾಗದಲ್ಲಿ ಆಡುತ್ತಾರೆ. ಅವರಿಗೆ ಜಾಗ ಬಿಟ್ಟುಕೊಟ್ಟು ಮೇಲಿನ ವಿಭಾಗದ ತಳದಲ್ಲಿದ್ದವರು ಕೆಳಗಿಳಿಯುತ್ತಾರೆ. ಹೀಗೆ ಇಳಿಯುವುದಕ್ಕೆ ‘ಹಿಂಬಡ್ತಿ’ ಎಂಬ ಪದ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ, ಮತ್ತು ಅದು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಒಬ್ಬರ ಬಡ್ತಿ ಎಂದರೆ ಮತ್ತೊಬ್ಬರ ಹಿಂಬಡ್ತಿ. ಫುಟ್‌ಬಾಲ್‌ನಲ್ಲಿ ಈ ಎರಡು ಪದಗಳನ್ನು ಬಿಡಿಸಿ ನೋಡಲು ಬರುವುದಿಲ್ಲ.

ಈ ಏರ್ಪಾಡು ಮೊದಲಿನಿಂದಲೇ ಹೀಗಿರಲಿಲ್ಲ. 1888ರಲ್ಲಿ 12 ಕ್ಲಬ್‌ಗಳೊಂದಿಗೆ ಫುಟ್‌ಬಾಲ್ ಲೀಗ್ ಆರಂಭವಾದಾಗ ಇದ್ದದ್ದು ಒಂದೇ ವಿಭಾಗ. 1892ರಲ್ಲಿ ಎರಡನೆಯ ವಿಭಾಗ ಸೇರಿಕೊಂಡಿತು. ಆಗ ಮೇಲಿನ ವಿಭಾಗದ ಕೊನೆಯವರಿಗೂ ಕೆಳಗಿನ ವಿಭಾಗದ ಮೊದಲಿಗರಿಗೂ ‘ಟೆಸ್ಟ್ ಮ್ಯಾಚ್’ ಎಂಬ ಹೆಸರಿನ ಪಂದ್ಯಗಳನ್ನು ಆಡಿಸಿ, ಯಾರು ಎಲ್ಲಿರಬೇಕು ಎಂದು ತೀರ್ಮಾನಿಸುತ್ತಿದ್ದರು. 1898ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ತಂಡಗಳು ಅಂಥ ಒಂದು ಪಂದ್ಯಕ್ಕೆ ಇಳಿದಾಗ ಎರಡಕ್ಕೂ ಬೇಕಾಗಿದ್ದದ್ದು ಒಂದೊಂದೇ ಅಂಕ. ಪಂದ್ಯ ಗೋಲಿಲ್ಲದೆ ಡ್ರಾ ಆಯಿತು, ಇಬ್ಬರಿಗೂ ಮೇಲಿನ ವಿಭಾಗ ಸಿಕ್ಕಿತು, ನೋಡಿದವರಿಗೆ ಸಿಟ್ಟು ಬಂತು. ಆ ಬೇಸಿಗೆಯಲ್ಲೇ ಟೆಸ್ಟ್ ಮ್ಯಾಚ್‌ಗಳನ್ನು ಕೈಬಿಟ್ಟು, ಅಂಕಪಟ್ಟಿಯ ಆಧಾರದ ಮೇಲೆ ಎರಡು ತಂಡಗಳು ತಾವಾಗಿಯೇ ಏರುವ, ಎರಡು ತಾವಾಗಿಯೇ ಇಳಿಯುವ ನಿಯಮವನ್ನು ತಂದರು. ಇಂದು ‘ನೇರ ಬಡ್ತಿ’ ಎಂದು ನಾವು ಕರೆಯುವುದು ಹುಟ್ಟಿದ್ದು ಹೀಗೆ, ಯಾರೂ ಗೆಲ್ಲಲು ಬಯಸದ ಒಂದು ಪಂದ್ಯದಿಂದ. ಮುಂದೆ 1987ರಲ್ಲಿ ಪ್ಲೇ-ಆಫ್ ಬಂದಿತು. ಅಂದಿನಿಂದ ಪಟ್ಟಿಯ ಮೊದಲ ಸ್ಥಾನಗಳವರಿಗೆ ನೇರ ಬಡ್ತಿಯೂ, ಅವರ ಬೆನ್ನಿಗಿರುವ ಕೆಲವು ತಂಡಗಳಿಗೆ ಉಳಿದ ಒಂದು ಜಾಗಕ್ಕಾಗಿ ಹೋರಾಡುವ ಅವಕಾಶವೂ ದೊರೆಯಿತು.

24 ತಂಡಗಳ ವಿಭಾಗದಲ್ಲಿ ಒಂದೊಂದು ತಂಡವೂ 46 ಪಂದ್ಯಗಳನ್ನು ಆಡುತ್ತದೆ: 23 ತವರಿನಲ್ಲಿ, 23 ಎದುರಾಳಿಯ ಅಂಗಳದಲ್ಲಿ. ಬಡ್ತಿಯ ಹೋರಾಟವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಎರಡನೆಯ 23ರ ಕಡೆಗೆ ಗಮನ ಕೊಡಬೇಕು ಎಂಬುದು ನನ್ನ ನಂಬಿಕೆ. ತವರಿನಲ್ಲಿ ಗೆಲ್ಲುವುದನ್ನು ಒಳ್ಳೆಯ ತಂಡದಿಂದ ಎಲ್ಲರೂ ನಿರೀಕ್ಷಿಸುತ್ತಾರೆ. ಎದುರಾಳಿಯ ಅಂಗಳದಲ್ಲಿ ಪ್ರೇಕ್ಷಕರು ಅವರ ಕಡೆಯವರು, ಮೈದಾನದ ಅಳತೆ ಅವರಿಗೆ ರೂಢಿಯಾದದ್ದು, ದೂರದ ಪ್ರಯಾಣದ ದಣಿವು ನಮ್ಮದು. ಪ್ರೇಕ್ಷಕರ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಒಳ್ಳೆಯ ಸೂಚನೆ ಸಿಕ್ಕಿದ್ದು ಸಾಂಕ್ರಾಮಿಕದ ಕಾಲದಲ್ಲಿ. ಬಹುಪಾಲು ಪಂದ್ಯಗಳು ಖಾಲಿ ಕ್ರೀಡಾಂಗಣಗಳಲ್ಲಿ ನಡೆದ 2020–21ರ ಪ್ರೀಮಿಯರ್ ಲೀಗ್‌ನಲ್ಲಿ ತವರಿನ ತಂಡಗಳು 144 ಪಂದ್ಯಗಳನ್ನು ಗೆದ್ದರೆ ಅತಿಥಿ ತಂಡಗಳು 153 ಪಂದ್ಯಗಳನ್ನು ಗೆದ್ದವು. ಇಂಗ್ಲೆಂಡಿನ ಅಗ್ರ ವಿಭಾಗದಲ್ಲಿ ಅದಕ್ಕೆ ಮೊದಲು ಹಾಗಾದದ್ದಿಲ್ಲ.

ಇನ್ನು ಅಂಕಗಳ ಲೆಕ್ಕ. 1981ರವರೆಗೆ ಇಂಗ್ಲೆಂಡಿನಲ್ಲಿ ಗೆಲುವಿಗೆ ಎರಡು ಅಂಕ, ಡ್ರಾ ಆದರೆ ಒಂದು ಅಂಕ. ಆ ವರ್ಷ, ಮಾಜಿ ಆಟಗಾರ ಜಿಮ್ಮಿ ಹಿಲ್ ಅವರ ಒತ್ತಾಸೆಯಿಂದ, ಗೆಲುವಿನ ಬೆಲೆ ಮೂರು ಅಂಕವಾಯಿತು. ಬದಲಾವಣೆ ಚಿಕ್ಕದೆಂದು ತೋರುತ್ತದೆ, ಆದರೆ ಪಂದ್ಯದ ಕೊನೆಯ ನಿಮಿಷಗಳ ಮೇಲೆ ಅದು ಬೀರಿದ ಪರಿಣಾಮ ದೊಡ್ಡದು. 1–1ರಲ್ಲಿ ನಿಂತಿರುವ ಪಂದ್ಯವನ್ನು 90ನೇ ನಿಮಿಷದ ಗೋಲಿನಿಂದ ಗೆದ್ದರೆ ಹಿಂದೆ ಹೆಚ್ಚು ಸಿಗುತ್ತಿದ್ದದ್ದು ಒಂದು ಅಂಕ, ಈಗ ಎರಡು. ಆ ಗೋಲಿಗಾಗಿ ಮುನ್ನುಗ್ಗಿ ಕೊನೆಗೆ ತಾನೇ ಗೋಲು ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದು ಅಂದಿನಂತೆ ಇಂದೂ ಒಂದೇ ಅಂಕ. ಲಾಭ ದುಪ್ಪಟ್ಟಾಯಿತು, ನಷ್ಟ ಹಾಗೆಯೇ ಉಳಿಯಿತು. ಎದುರಾಳಿಯ ಅಂಗಳದಲ್ಲಿ ಒಂದು ಅಂಕ ಸಿಕ್ಕರೆ ಸಾಕು ಎಂದು ಹಿಂದೆ ಸರಿದು ಆಡುತ್ತಿದ್ದ ತಂಡಗಳು, ಬಡ್ತಿ ಬೇಕೆಂದಾದರೆ, ಕೊನೆಯ ಹತ್ತು ನಿಮಿಷಗಳಲ್ಲೂ ಮುಂದೆ ನುಗ್ಗಲೇಬೇಕಾದ ಲೆಕ್ಕ ಇದು. ತಡವಾಗಿ ಬರುವ ಪರ ಅಂಗಳದ ಗೆಲುವಿಗೆ ಬಡ್ತಿಯ ಕಥೆಗಳಲ್ಲಿ ಇಷ್ಟು ದೊಡ್ಡ ಸ್ಥಾನ ಏಕೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಲೆಕ್ಕವನ್ನೇ.

ಈ ‘ತಡವಾಗಿ’ ಎಂಬ ಮಾತಿಗೂ ಸ್ವಲ್ಪ ವಿವರಣೆ ಬೇಕು. 90 ನಿಮಿಷಗಳ ಮೇಲೆ ರೆಫರಿ ಸೇರಿಸುವ ಸಮಯವನ್ನು ನಮ್ಮ ಪತ್ರಿಕೆಗಳು ಒಮ್ಮೆ ‘ಇಂಜುರಿ ಅವಧಿ’ ಎನ್ನುತ್ತವೆ, ಒಮ್ಮೆ ‘ಹೆಚ್ಚುವರಿ ಸಮಯ’ ಎನ್ನುತ್ತವೆ. ಎರಡನೆಯದನ್ನು ಬಿಡುವುದು ಒಳ್ಳೆಯದು, ಏಕೆಂದರೆ ನಾಕೌಟ್ ಪಂದ್ಯ ಸಮವಾದಾಗ ಆಡಿಸುವ 30 ನಿಮಿಷಗಳಿಗೂ ಅದೇ ಹೆಸರು ಬಳಕೆಯಲ್ಲಿದೆ. ಇಂಜುರಿ ಅವಧಿ ಎಂಬುದೂ ಪೂರ್ತಿ ನಿಖರವಲ್ಲ. ಗಾಯದ ಆರೈಕೆಯ ಜೊತೆಗೆ ಆಟಗಾರರ ಬದಲಾವಣೆ, ಗೋಲಿನ ಸಂಭ್ರಮ, ಬೇಕೆಂದೇ ಸಮಯ ತಿನ್ನುವುದು ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಅಂಗಳದ ಅಂಚಿನಲ್ಲಿ ನಾಲ್ಕನೇ ಅಧಿಕಾರಿ ಎತ್ತಿ ಹಿಡಿಯುವ ಫಲಕದ ಸಂಖ್ಯೆ ಕನಿಷ್ಠ ಮಿತಿ ಮಾತ್ರ. ರೆಫರಿ ಅದನ್ನು ಹೆಚ್ಚಿಸಬಹುದು, ಕಡಿಮೆ ಮಾಡುವಂತಿಲ್ಲ. ಸಮಯ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿದರೆ ಅದನ್ನು ಒದ್ದು ಮುಗಿಸುವವರೆಗೂ ಆಟ ಮುಂದುವರಿಯುತ್ತದೆ.

ಬಡ್ತಿಗೆ ಹೋರಾಡುತ್ತಿರುವ ಎರಡು ತಂಡಗಳೇ ಮುಖಾಮುಖಿಯಾದರೆ ಅದನ್ನು ‘ಆರು ಅಂಕಗಳ ಪಂದ್ಯ’ ಎನ್ನುವುದುಂಟು. ಗೆದ್ದವರಿಗೆ ಸಿಗುವುದು ಮೂರೇ ಅಂಕ, ಆದರೆ ಸೋತವರಿಗೆ ಸಿಗಬಹುದಾಗಿದ್ದ ಮೂರು ಅಂಕಗಳೂ ತಪ್ಪುತ್ತವೆ. ಎರಡನೇ ಹಂತದ ವಿಭಾಗವಾದ ಚಾಂಪಿಯನ್‌ಷಿಪ್‌ನಲ್ಲಿ, 2025ರ ಫೆಬ್ರವರಿ 24ರಂದು ಲೀಡ್ಸ್ ಯುನೈಟೆಡ್ ತಂಡವು ಶೆಫೀಲ್ಡ್ ಯುನೈಟೆಡ್‌ನ ಅಂಗಳಕ್ಕೆ ಹೋದಾಗ ಎರಡು ತಂಡಗಳ ನಡುವೆ ಇದ್ದದ್ದು ಎರಡೇ ಅಂಕಗಳ ಅಂತರ. ಲೀಡ್ಸ್ ಮೊದಲು ತನ್ನದೇ ಗೋಲ್‌ಕೀಪರ್‌ನ ಸ್ವಯಂ ಗೋಲಿನಿಂದ ಹಿಂದೆ ಬಿತ್ತು, 72ನೇ ನಿಮಿಷದಲ್ಲಿ ಸಮ ಮಾಡಿಕೊಂಡಿತು, 89ನೇ ನಿಮಿಷದಲ್ಲಿ ಆವೊ ತನಾಕಾ ತಲೆಯಿಂದ ಹೊಡೆದ ಗೋಲಿನಿಂದ ಮುಂದಾಯಿತು, ಮರುಗಳಿಗೆಯಲ್ಲೇ ಮತ್ತೊಂದನ್ನು ಸೇರಿಸಿ 3–1ರಿಂದ ಗೆದ್ದಿತು. ಅಂತರ ಐದು ಅಂಕಗಳಾಯಿತು. ಏಪ್ರಿಲ್ 21ರಂದು ಲೀಡ್ಸ್ ಮತ್ತು ಬರ್ನ್‌ಲಿ ಬಡ್ತಿ ಪಡೆದವು. 90 ಅಂಕ ಗಳಿಸಿಯೂ ಮೂರನೆಯದಾಗಿ ಉಳಿದ ಶೆಫೀಲ್ಡ್ ಪ್ಲೇ-ಆಫ್ ಫೈನಲ್‌ನಲ್ಲಿ ಸೋತಿತು. 46 ಪಂದ್ಯಗಳ ದಾರಿಯಲ್ಲಿ ಒಂದು ರಾತ್ರಿಯೇ ಎಲ್ಲವನ್ನೂ ನಿರ್ಧರಿಸಿತು ಎನ್ನುವುದು ಅತಿಶಯೋಕ್ತಿಯಾದೀತು, ಆದರೆ ಆ ಎರಡು ನಿಮಿಷಗಳು ಪಟ್ಟಿಯ ಆಕಾರವನ್ನು ಬದಲಿಸಿದ್ದು ನಿಜ.

ಬಡ್ತಿಯನ್ನು ತಂದುಕೊಡುವ ತಡವಾದ ಗೆಲುವು ನಮ್ಮದೇ ಆಗಿರಬೇಕೆಂದೂ ಇಲ್ಲ. 2013ರ ಮೇ 4ರಂದು, ಚಾಂಪಿಯನ್‌ಷಿಪ್ ವಿಭಾಗದ ಕೊನೆಯ ದಿನ, ಹಲ್ ಸಿಟಿ ತನ್ನ ತವರಿನಲ್ಲಿ ಕೊನೆಯ ಗಳಿಗೆಯಲ್ಲಿ ಒಂದು ಪೆನಾಲ್ಟಿಯನ್ನು ವ್ಯರ್ಥ ಮಾಡಿ, ಬೆನ್ನಲ್ಲೇ ಎದುರಾಳಿ ಕಾರ್ಡಿಫ್‌ಗೆ ಪೆನಾಲ್ಟಿಯಿಂದ ಗೋಲು ಕೊಟ್ಟು 2–2ರ ಡ್ರಾ ಮಾಡಿಕೊಂಡಿತ್ತು. ಅತ್ತ ವಾಟ್‌ಫರ್ಡ್‌ನ ಪಂದ್ಯ ಇನ್ನೂ ನಡೆಯುತ್ತಿತ್ತು, 1–1ರಲ್ಲಿತ್ತು. ಅವರು ಇನ್ನೊಂದು ಗೋಲು ಹೊಡೆದಿದ್ದರೆ ಹಲ್‌ನ ಜಾಗ ಅವರದಾಗುತ್ತಿತ್ತು. ಆಟ ಮುಗಿಸಿದ ಹಲ್‌ನ ಆಟಗಾರರು ಜೀವ ಕೈಯಲ್ಲಿ ಹಿಡಿದು ಕಾಯುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಗೋಲು ಬಂತು, ಆದರೆ ಹೊಡೆದದ್ದು ಅತಿಥಿಯಾಗಿ ಹೋಗಿದ್ದ ಲೀಡ್ಸ್‌ನ ರಾಸ್ ಮೆಕಾರ್ಮಕ್. ಆ ದಿನ ಬಡ್ತಿಯಲ್ಲೂ ಹಿಂಬಡ್ತಿಯಲ್ಲೂ ಲೀಡ್ಸ್‌ಗೆ ಯಾವ ಪಾಲೂ ಇರಲಿಲ್ಲ. ಹಲ್ 79 ಅಂಕಗಳೊಂದಿಗೆ ಮೇಲೇರಿತು, ವಾಟ್‌ಫರ್ಡ್ 77ರಲ್ಲಿ ನಿಂತಿತು. ಫುಟ್‌ಬಾಲ್‌ನ ಬಡ್ತಿ ಇತರರ ಫಲಿತಾಂಶಗಳ ಜೊತೆ ಹೆಣೆದುಕೊಂಡದ್ದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಿನವನ್ನು ನಾನು ಕಾಣೆ.

ಆದರೂ ಈ ಪದದ ಪೂರ್ತಿ ತೂಕ ತಿಳಿಯಲು ನಾನು ಮತ್ತೆ ಮತ್ತೆ ಹಿಂದಿರುಗುವುದು ಅದಕ್ಕೂ ಒಂದು ವಾರ ಮೊದಲಿನ ಪಂದ್ಯಕ್ಕೆ. 2013ರ ಏಪ್ರಿಲ್ 27, ಮೂರನೇ ಹಂತದ ವಿಭಾಗವಾದ ಲೀಗ್ ಒನ್‌ನ ಕೊನೆಯ ಸುತ್ತು, ಲಂಡನ್ನಿನ ಗ್ರಿಫಿನ್ ಪಾರ್ಕ್. ಆತಿಥೇಯ ಬ್ರೆಂಟ್‌ಫರ್ಡ್ ಬಳಿ 79 ಅಂಕಗಳು, ಡಾನ್‌ಕಾಸ್ಟರ್ ರೋವರ್ಸ್ ಬಳಿ 81. 82 ಅಂಕಗಳ ಬೋರ್ನ್‌ಮತ್‌ಗೆ ಬಡ್ತಿ ಆಗಲೇ ಖಚಿತವಾಗಿತ್ತು, ಅದು ಬೇರೊಂದು ಊರಿನಲ್ಲಿ ಆಡುತ್ತಿತ್ತು. ಲೆಕ್ಕ ನೇರವಾಗಿತ್ತು: ಬ್ರೆಂಟ್‌ಫರ್ಡ್ ಗೆದ್ದರೆ ಅದಕ್ಕೆ ಬಡ್ತಿ, ಡ್ರಾ ಆದರೂ ಡಾನ್‌ಕಾಸ್ಟರ್‌ಗೆ ಬಡ್ತಿ. 90 ನಿಮಿಷ ಕಳೆದರೂ ಗೋಲಿಲ್ಲ. ಇಂಜುರಿ ಅವಧಿಯ ಕೊನೆಯಲ್ಲಿ ರೆಫರಿ ಬ್ರೆಂಟ್‌ಫರ್ಡ್‌ಗೆ ಪೆನಾಲ್ಟಿ ಕೊಟ್ಟರು.

ರೂಢಿಯಂತೆ ಪೆನಾಲ್ಟಿ ಒದೆಯಬೇಕಾದವರು ನಾಯಕ ಕೆವಿನ್ ಓ’ಕಾನರ್. ಚೆಂಡನ್ನು ಕೈಗೆತ್ತಿಕೊಂಡದ್ದು ಮತ್ತೊಂದು ಕ್ಲಬ್‌ನಿಂದ ಸಾಲದ ಮೇಲೆ ಬಂದಿದ್ದ ಯುವಕ ಮಾರ್ಚೆಲ್ಲೋ ಟ್ರೊಟ್ಟಾ. ಅವರು ಬಲವಾಗಿ ಒದ್ದ ಚೆಂಡು ಗೋಲುಕಂಬಗಳ ಮೇಲಿನ ಅಡ್ಡಪಟ್ಟಿಗೆ ಬಡಿದು ಹಿಂದಕ್ಕೆ ಬಂತು. ಗೋಲಿಗಾಗಿ ಬ್ರೆಂಟ್‌ಫರ್ಡ್ ತಂಡವೆಲ್ಲ ಮುಂದೆ ಬಂದಿತ್ತು, ಹಿಂದಿನ ಅರ್ಧ ಅಂಗಳ ಬಯಲಾಗಿತ್ತು. ಡಾನ್‌ಕಾಸ್ಟರ್‌ನ ಬಿಲ್ಲಿ ಪೇಂಟರ್ ಚೆಂಡಿನೊಂದಿಗೆ ಓಡಿ, ಜೊತೆಗೇ ಓಡಿಬಂದ ಜೇಮ್ಸ್ ಕಾಪಿಂಜರ್‌ಗೆ ಅಡ್ಡಲಾಗಿ ಕೊಟ್ಟರು. ಕಾಪಿಂಜರ್ ಅದನ್ನು ಬಲೆಗೆ ತಳ್ಳಿದರು. ಒಂದು ತುದಿಯ ಅಡ್ಡಪಟ್ಟಿಯಿಂದ ಇನ್ನೊಂದು ತುದಿಯ ಬಲೆಗೆ ಚೆಂಡು ತಲುಪಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಅಕ್ಷರಶಃ ನಿಜವಾದದ್ದನ್ನು ಅಂದು ಒಂದು ಊರು ಕಣ್ಣಾರೆ ಕಂಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಅನೇಕ ವರದಿಗಳು ಅದನ್ನು ದಾಟಿಹೋಗುತ್ತವೆ. ಡಾನ್‌ಕಾಸ್ಟರ್‌ಗೆ ಬಡ್ತಿ ಕೊಟ್ಟದ್ದು ಕಾಪಿಂಜರ್ ಅವರ ಗೋಲಲ್ಲ. ಚೆಂಡು ಅಡ್ಡಪಟ್ಟಿಗೆ ಬಡಿದು ಪಂದ್ಯ ಅಲ್ಲಿಗೇ ಮುಗಿದಿದ್ದರೂ 82 ಅಂಕಗಳೊಂದಿಗೆ ಎರಡನೆಯ ಸ್ಥಾನ ಅದರದೇ ಆಗಿತ್ತು. ಗೋಲು ಕೊಟ್ಟದ್ದು ವಿಭಾಗದ ಅಗ್ರಪಟ್ಟವನ್ನು: 84 ಅಂಕಗಳ ಡಾನ್‌ಕಾಸ್ಟರ್ ಮೊದಲನೆಯದಾಯಿತು, 83ರ ಬೋರ್ನ್‌ಮತ್ ಎರಡನೆಯದಕ್ಕೆ ಇಳಿಯಿತು. ಅಂದರೆ ಆ ಅರ್ಧ ನಿಮಿಷದಲ್ಲಿ ಎರಡು ಕ್ಲಬ್‌ಗಳ ಸ್ಥಾನ ಬದಲಾಯಿತು, ಅವುಗಳಲ್ಲಿ ಒಂದು ಆ ಅಂಗಳದಲ್ಲಿ ಇರಲೇ ಇಲ್ಲ. ಅಗ್ರಪಟ್ಟ ಮತ್ತು ಬಡ್ತಿ ಬೇರೆ ಬೇರೆ ಎಂಬುದನ್ನು ಹೊಸ ಓದುಗರು ಇಲ್ಲಿ ಗುರುತಿಸಬೇಕು. ಪಟ್ಟ ಒಬ್ಬರಿಗೆ, ನೇರ ಬಡ್ತಿ ಒಬ್ಬರಿಗಿಂತ ಹೆಚ್ಚು ಮಂದಿಗೆ.

ಬ್ರೆಂಟ್‌ಫರ್ಡ್‌ಗೆ ಪ್ಲೇ-ಆಫ್‌ನ ಬಾಗಿಲು ಇನ್ನೂ ತೆರೆದಿತ್ತು. ಅದು ಫೈನಲ್ ತಲುಪಿ ವೆಂಬ್ಲಿಯಲ್ಲಿ ಯೋವಿಲ್ ಟೌನ್‌ಗೆ 2–1ರಿಂದ ಸೋತು, ಮತ್ತೊಂದು ವರ್ಷ ಅದೇ ವಿಭಾಗದಲ್ಲಿ ಆಡಿತು. ಡಾನ್‌ಕಾಸ್ಟರ್ ಮೇಲೆ ಹೋಗಿ, ಉಳಿಯಲು ಋತುವಿಡೀ ಹೆಣಗಿತು. 2014ರ ಮೇ 3ರಂದು ಕೊನೆಯ ಸುತ್ತಿನಲ್ಲಿ ಅದು ಲೆಸ್ಟರ್‌ನಲ್ಲಿ 1–0ರಿಂದ ಸೋತಿತು. ಅದೇ ಹೊತ್ತಿಗೆ ಬೋಲ್ಟನ್‌ನಲ್ಲಿ 2–0ರಿಂದ ಹಿಂದಿದ್ದ ಬರ್ಮಿಂಗ್‌ಹ್ಯಾಮ್ ಸಿಟಿ, ಪಾಲ್ ಕ್ಯಾಡಿಸ್ ಅವರ 93ನೇ ನಿಮಿಷದ ಗೋಲಿನಿಂದ 2–2ರ ಡ್ರಾ ಮಾಡಿಕೊಂಡಿತು. ಎರಡೂ ತಂಡಗಳ ಅಂಕ 44; ಗೋಲು ವ್ಯತ್ಯಾಸದಲ್ಲಿ ಹಿಂದಿದ್ದ ಡಾನ್‌ಕಾಸ್ಟರ್‌ಗೆ ಹಿಂಬಡ್ತಿ. ಆ ಋತುವಿನಲ್ಲಿ ಲೀಗ್ ಒನ್‌ನ ಎರಡನೆಯ ಸ್ಥಾನ ಗಳಿಸಿ ನೇರ ಬಡ್ತಿ ಪಡೆದದ್ದು ಬ್ರೆಂಟ್‌ಫರ್ಡ್. ಗ್ರಿಫಿನ್ ಪಾರ್ಕಿನ ಆ ಸಂಜೆಯಾಗಿ ಒಂದು ವರ್ಷ ಒಂದು ವಾರ ಕಳೆಯುವಷ್ಟರಲ್ಲಿ ಎರಡು ಕ್ಲಬ್‌ಗಳೂ ತಮ್ಮ ತಮ್ಮ ವಿಭಾಗಗಳನ್ನು ಅದಲುಬದಲು ಮಾಡಿಕೊಂಡಿದ್ದವು.