ಅಗ್ವಾಡ: ಜೈಲಿಗೂ ಟಿಕೆಟ್

ಗೋವಾದ ಅಗ್ವಾಡ ಕೋಟೆಯ ಪಕ್ಕದ ಸಿಂಕೇರಿ ಬೀಚಿನಲ್ಲಿ ಸರ, ಕಾಲ್ಗೆಜ್ಜೆ ಮಾರುವ ಲಂಬಾಣಿ ಹೆಂಗಸೊಬ್ಬರು ನಾನು ಕನ್ನಡದವನೆಂದು ಗೊತ್ತಾಗಿ ಕೇಳಿದ್ದರು: "ಜೈಲ್ ನೋಡಾಕ ರೊಕ್ಕ ಕೊಡಬೇಕೇನ್ರಿ ಅಣ್ಣಾ?" ಕೊಡಬೇಕು. ಕೋಟೆಯ ಆ ಹಳೆ ಸೆರೆಮನೆ ಈಗ ಜೈಲೋ, ಮ್ಯೂಸಿಯಮ್ಮೋ, ತಿಂಡಿ-ಅಂಗಡಿಗಳ ಜಾಗವೋ ಎಂಬ ತಕರಾರು ಮಾತ್ರ ಮುಗಿದಿಲ್ಲ.

1612ರಲ್ಲಿ ಪೋರ್ಚುಗೀಸರು ಡಚ್ಚರಿಗೆ ಹೆದರಿ ಕಟ್ಟಿದ ಕೋಟೆ, ಹಡಗುಗಳಿಗೆ ಸಿಹಿನೀರು ಸಿಗುತ್ತಿದ್ದ ತಾಣ. ಪೋರ್ಚುಗಲ್‌ನ ಸರ್ವಾಧಿಕಾರಿ ಸಾಲಾಜಾರನ ಕಾಲಕ್ಕೆ ರಾಜಕೀಯ ಕೈದಿಗಳ ಸೆರೆಮನೆ. 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೂ ಜೈಲೇ. 1946ರಲ್ಲಿ ರಾಮಮನೋಹರ ಲೋಹಿಯಾರನ್ನು ಇಲ್ಲಿ ಕೂಡಿಹಾಕಿದ್ದರು. ಐದು ವರ್ಷದ ನಂತರ ಕಾಗೋಡಿನ ಗೇಣಿದಾರರಿಗಾಗಿ ಸಾಗರಕ್ಕೆ ಬಂದು ಬಂಧನಕ್ಕೊಳಗಾದ ಅದೇ ಲೋಹಿಯಾ. ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟಿ.ಬಿ. ಕುನ್ಹಾ ಕೂಡ ಇಲ್ಲಿದ್ದವರೇ.

ಕೋಟೆಯ ಮೇಲೆ ವ್ಯಾಪಾರದ ಕಣ್ಣು ಬಿದ್ದದ್ದು ಮೊನ್ನೆ ಮೊನ್ನೆಯಲ್ಲ. ಸಿಂಕೇರಿ ಕಡೆಯ ಕೊತ್ತಲದ ಮಗ್ಗುಲಲ್ಲಿ ಐಷಾರಾಮಿ ಹೋಟೆಲ್ ಎದ್ದದ್ದು 1974ರಲ್ಲಿ. ಆಮೇಲೆ ಈ ದಂಡೆಯ ಒಂದೊಂದು ಗುಂಟೆಗೂ ಬೆಲೆ ಬಂತು. ಮಾಂಡೋವಿ ಅಳಿವೆಗೆ ಮುಖ ಮಾಡಿದ್ದ ಜೈಲಿಗೆ ಮಾತ್ರ ಆ ಚೆಲುವಾದ ನೋಟ ಪುಕ್ಕಟೆ. 2015ರಲ್ಲಿ ಕೈದಿಗಳನ್ನು ಒಳನಾಡಿನ ಕೊಲ್ವಾಳದ ಜೈಲಿಗೆ ಸಾಗಿಸಿದರು. ಅಲ್ಲಿಂದ ಸಮುದ್ರ ಕಾಣುವುದಿಲ್ಲ.

ಖಾಲಿ ಜೈಲನ್ನು ಬೀಗ ಹಾಕಿ ಇಡುವಂತಿಲ್ಲ ಎಂಬ ವಾದದಲ್ಲಿ ಹುರುಳಿದೆ. ಉಪ್ಪುಗಾಳಿ ಜಂಬಿಟ್ಟಿಗೆಯನ್ನು ಬೆರಳಲ್ಲಿ ಕೆರೆದರೆ ಉದುರುವಷ್ಟು ಮೆತ್ತಗೆ ಮಾಡುತ್ತದೆ. ಎರಡು ಮಳೆಗಾಲ ಬಿಟ್ಟರೆ ಬಿರುಕಿನಲ್ಲಿ ಅರಳಿ ಸಸಿ. ಕೇಂದ್ರದ ಸ್ವದೇಶ್ ದರ್ಶನ್ ಯೋಜನೆಯಲ್ಲಿ ಸುಮಾರು 28 ಕೋಟಿ ರೂಪಾಯಿ ಸುರಿದು, 2021ರ ಡಿಸೆಂಬರ್ 19ರಂದು, ಗೋವಾ ವಿಮೋಚನಾ ದಿನದಂದೇ, ಮ್ಯೂಸಿಯಂ ತೆರೆದರು. ಜಗಳ ಶುರುವಾದದ್ದು ರಿಪೇರಿಗಲ್ಲ, ಉಸ್ತುವಾರಿಯನ್ನು ಖಾಸಗಿಯವರಿಗೆ ವಹಿಸಿದ್ದಕ್ಕೆ. ಸ್ವಾತಂತ್ರ್ಯ ಹೋರಾಟಗಾರರ ಕಡೆಯವರು ಆಕ್ಷೇಪಿಸಿದರು. ನಿರ್ವಹಣೆಗೆ ಆದಾಯ ಬೇಡವೇ ಎಂದು ಸರ್ಕಾರದ ಕಡೆಯವರು ಕೇಳಿದರು. ಬೇಕು, ನಿಜ. ಆದರೆ ಲೋಹಿಯಾರ ಹೆಸರಿನ ಕೋಣೆಯಿಂದ ಹೊರಬಂದವನಿಗೆ ಒಂದೈದು ನಿಮಿಷವಾದರೂ ಸುಮ್ಮನೆ ಕೂರಲು ಬಿಡಬೇಕಲ್ಲ.

ಬೇರೆ ದಾರಿ ಇರಲಿಲ್ಲವೇ? ನದಿಯ ಅದೇ ದಂಡೆಯ ರೇಸ್ ಮಾಗೋಸ್ ಕೋಟೆ 1993ರವರೆಗೆ ಜೈಲಾಗಿತ್ತು. ಇಂಗ್ಲೆಂಡಿನ ಹೆಲೆನ್ ಹ್ಯಾಮ್ಲಿನ್ ಟ್ರಸ್ಟ್ ನೆರವಿನಿಂದ ದುರಸ್ತಿಯಾಗಿ 2012ರಲ್ಲಿ ತೆರೆಯಿತು. ಒಳಗೆ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾರ ಚಿತ್ರಗಳಿವೆ, ಗದ್ದಲವಿಲ್ಲ. ನಮ್ಮ ಬೆಂಗಳೂರಿನ ಹಳೆ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು, ಈಗ ರಾಜ್ಯದ ಅರ್ಧ ಧರಣಿಗಳು ಅಲ್ಲೇ.

ಕುನ್ಹಾರನ್ನು ಅಗ್ವಾಡದಿಂದ ಪೋರ್ಚುಗಲ್‌ನ ಪೆನಿಶೆ ಕೋಟೆಯ ಸೆರೆಗೆ ಸಾಗಿಸಿದ್ದರು. 2016ರಲ್ಲಿ ಅಲ್ಲಿನ ಸರ್ಕಾರ ಆ ಕೋಟೆಯನ್ನೂ ಹೋಟೆಲಿಗೆ ಕೊಡಬಹುದಾದ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಹಳೆಯ ರಾಜಕೀಯ ಕೈದಿಗಳು ತಿರುಗಿಬಿದ್ದರು, ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. 2024ರ ಏಪ್ರಿಲ್‌ನಲ್ಲಿ ಅಲ್ಲಿ ಪ್ರತಿರೋಧ ಮತ್ತು ಸ್ವಾತಂತ್ರ್ಯದ ರಾಷ್ಟ್ರೀಯ ಮ್ಯೂಸಿಯಂ ತೆರೆಯಿತು.