ಕಿಡ್ನಿಗೆ ತೋರಿಸಲು ಹೋದರೆ ಎದೆಯ ಎಕೋ ಯಾಕೆ?

ಪ್ರಶ್ನೆ: ಅಪ್ಪಗ 62 ವರ್ಷ, ಕ್ರಿಯಾಟಿನಿನ್ (ಕಿಡ್ನಿ ಹೊರಗ ಹಾಕಬೇಕಾದ ರಕ್ತದೊಳಗಿನ ಕಸ) 2.1 ಐತಿ. ಹುಬ್ಬಳ್ಳಿಗೆ ಕಿಡ್ನಿ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರ ಇಸಿಜಿ, ಎಕೋ ಮಾಡಸ್ರಿ ಅಂದ್ರು. ಕೊಲೆಸ್ಟ್ರಾಲ್ ಗುಳಿಗಿನೂ ಬರದಾರ. ಎದಿನೋವಂತೂ ಇಲ್ಲ. ಇದೆಲ್ಲ ಬೇಕೇನ್ರಿ?
- ರಾಣೆಬೆನ್ನೂರಿನ ಓದುಗರು

ಉತ್ತರ: ಬೇಕ್ರಿ. ಸುಮ್ನೆ ಖರ್ಚಿಗೆ ಹಚ್ಚಿದರು ಅಂತ ಸಂಶಯ ಬರುವುದು ಸಹಜ. ಆದರೆ ಇಲ್ಲಿ ಡಾಕ್ಟರ್ ಮಾಡಿದ್ದು ಸರಿ ಇದೆ. ಕಿಡ್ನಿ ಕಾಯಿಲೆ ಅಂದಕೂಡಲೇ ಮನೆಯವರಿಗೆಲ್ಲ ಡಯಾಲಿಸಿಸ್‌ ಭಯ. ನಿಮ್ಮ ತಂದೆಯವರ ಹಂತದಲ್ಲಿರುವ ಬಹಳ ಜನರಿಗೆ ಅದಕ್ಕಿಂತ ಮೊದಲು ಕಾಡುವುದು ಹೃದಯ.

ಕಿಡ್ನಿ ಉಪ್ಪು, ನೀರನ್ನು ಸರಿಯಾಗಿ ಹೊರಗೆ ಹಾಕದಿದ್ದರೆ ಬಿಪಿ ಏರುತ್ತದೆ. ಏರಿದ ಬಿಪಿಗೆ ಎದುರಾಗಿ ರಕ್ತ ತಳ್ಳಿ ತಳ್ಳಿ ಹೃದಯದ ಎಡಭಾಗದ ಗೋಡೆ ದಪ್ಪಗಾಗುತ್ತದೆ. ಗರಡಿಮನೆಯಲ್ಲಿ ರಟ್ಟೆ ದಪ್ಪಗಾದರೆ ಪೈಲ್ವಾನ್, ಹೃದಯದ ಲೆಕ್ಕ ಹಾಗಲ್ಲ. ಅದು ಬಿಗಿದುಕೊಳ್ಳುತ್ತದೆ, ರಕ್ತ ತುಂಬಿಕೊಳ್ಳಲು ಸಡಿಲವಾಗುವುದಿಲ್ಲ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ನೋಡುವುದು ಇದನ್ನೇ. ಇನ್ನು ರಕ್ತ ತಯಾರಿಸಲು ಹೇಳುವ ಹಾರ್ಮೋನು ಬರುವುದೂ ಕಿಡ್ನಿಯಿಂದ. ಅದು ಕಡಿಮೆಯಾದರೆ ಹಿಮೋಗ್ಲೋಬಿನ್ ಇಳಿದು ಹೃದಯಕ್ಕೆ ದುಡಿತ ಜಾಸ್ತಿ. ರಕ್ತನಾಳದ ಕಥೆ ಬೇರೆ. ಮೈಯಲ್ಲಿ ರಂಜಕ (ಫಾಸ್ಫರಸ್) ಉಳಿದು, ನಾಳದ ಗೋಡೆಯಲ್ಲಿ ಸುಣ್ಣದಂಥ ಪದರ ಕೂಡುತ್ತದೆ. ಗಡಸು ನೀರಿನ ಬೋರ್‌ ಪೈಪಿನೊಳಗೆ ಬೆಳ್ಳಗೆ ಕಟ್ಟಿರುತ್ತದಲ್ಲ, ಹಾಗೆ. (ಬೋರ್ ನೀರು ಕುಡಿದೇ ಇದು ಬರುತ್ತದೆ ಅಂತಲ್ಲ ಮತ್ತೆ!)

ಕೊಲೆಸ್ಟ್ರಾಲ್ ಗುಳಿಗೆಯನ್ನು 50 ದಾಟಿದ ಕಿಡ್ನಿ ರೋಗಿಗಳಿಗೆ ರಿಪೋರ್ಟ್ ಚೆನ್ನಾಗಿದ್ದರೂ ಕೊಡುತ್ತಾರೆ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಅದು ಸೋರುತ್ತಿದ್ದರೆ ಹೃದಯಕ್ಕೂ ಅಪಾಯ ಹೆಚ್ಚು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ನಮ್ಮ ಕಡೆ ಜೋಳದ ರೊಟ್ಟಿ ಪಾಪದ್ದು. ತಪ್ಪೆಲ್ಲ ಪಕ್ಕದಲ್ಲಿರುವ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿಯದು. ಹಾಗಂತ ಅಂಗಡಿಯ ‘ಲೋ ಸೋಡಿಯಂ’ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಗುಳಿಗೆಯೂ ಬೇಡ.

ಎದೆನೋವಿಲ್ಲ ಅಂದಿರಿ. ಕಿಡ್ನಿ ಕಾಯಿಲೆ ಇದ್ದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯೂ ಇದ್ದರೆ, ನೋವಿಲ್ಲದೆಯೇ ಹಾರ್ಟ್ ಅಟ್ಯಾಕ್ ಆಗಬಹುದು. ಇದ್ದಕ್ಕಿದ್ದಂತೆ ದಮ್ಮು, ತಣ್ಣನೆಯ ಬೆವರು, ಕಾರಣವಿಲ್ಲದ ಸುಸ್ತು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಸಿ ಕೂರಬೇಡಿ, 108ಕ್ಕೆ ಕರೆ ಮಾಡಿ. ಹೋಗುವಾಗ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗೆ ಈಗ ಮಾಡಿಸುವ ಇಸಿಜಿಯನ್ನೂ ಒಯ್ಯಿರಿ. ಹಳೆಯದು ಕೈಯಲ್ಲಿದ್ದರೆ ಹೊಸದರಲ್ಲಿ ಏನು ಬದಲಾಗಿದೆ ಅಂತ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.