ಕಾಗದದ ಮೇಲೆ ಬಿಳಿಯರು: ಅಮೆರಿಕದ ಹಿಸ್ಪಾನಿಕ್ ಜನ ಮತ್ತು ಒಂದು ಕಾಲಂನ ಹಿನ್ನೆಲೆ

2020ರ ಅಮೆರಿಕದ ಜನಗಣತಿ ನಮೂನೆಯಲ್ಲಿ ಒಂದರ ಕೆಳಗೊಂದು ಎರಡು ಪ್ರಶ್ನೆಗಳಿದ್ದವು. ನೀವು ಹಿಸ್ಪಾನಿಕ್, ಲ್ಯಾಟಿನೋ ಅಥವಾ ಸ್ಪ್ಯಾನಿಷ್ ಮೂಲದವರೇ? ನಿಮ್ಮ ಜನಾಂಗ ಯಾವುದು? ಎರಡಕ್ಕೂ ಉತ್ತರಿಸಬೇಕು, ಈ ಗಣತಿಯ ಮಟ್ಟಿಗೆ ಹಿಸ್ಪಾನಿಕ್ ಮೂಲವೆಂಬುದು ಜನಾಂಗವಲ್ಲ ಎಂಬ ಸೂಚನೆಯೂ ಅಲ್ಲೇ ಅಚ್ಚಾಗಿತ್ತು. ಹಿಸ್ಪಾನಿಕ್ ಎಂದು, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಸ್ಪ್ಯಾನಿಷ್ ಸಂಸ್ಕೃತಿಯ ನಾಡುಗಳ ಮೂಲದವರೆಂದು ಗುರುತು ಹಾಕಿದವರು 6.21 ಕೋಟಿ ಜನ. ಜನಾಂಗದ ಪ್ರಶ್ನೆಗೆ ಬಂದಾಗ ಅವರಲ್ಲಿ ಶೇ 42ರಷ್ಟು ಮಂದಿ 'ಬೇರೆ ಯಾವುದೋ ಜನಾಂಗ' ಎಂಬ ಚೌಕವನ್ನಷ್ಟೇ ಆರಿಸಿಕೊಂಡರು. ಕೇವಲ ಬಿಳಿಯರು ಎಂದುಕೊಂಡವರು ಶೇ 20. ಹತ್ತು ವರ್ಷದ ಹಿಂದೆ ಅರ್ಧಕ್ಕಿಂತ ಹೆಚ್ಚು ಜನ ಹಾಗೆ ಬರೆದಿದ್ದರು. ಜನ ಬದಲಾಗಲಿಲ್ಲ, ಉತ್ತರ ಬದಲಾಯಿತು. 2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಎರಡೂ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯಾಗಿ ಬೆಸೆಯುವ ನಿಯಮ ಪ್ರಕಟಿಸಿದಾಗಿನಿಂದ ಚರ್ಚೆ ಮತ್ತಷ್ಟು ಸಿಕ್ಕುಸಿಕ್ಕಾಗಿದೆ.

ಈ ಸಿಕ್ಕು ಇಂದಿನದಲ್ಲ. ಇದರ ಒಂದು ತುದಿ 1848ರಲ್ಲಿದೆ.

ಆ ವರ್ಷ ಮೆಕ್ಸಿಕೋ ಅಮೆರಿಕದೊಂದಿಗಿನ ಯುದ್ಧದಲ್ಲಿ ಸೋತು, ಗ್ವಾದಲೂಪೆ ಇದಾಲ್ಗೊ ಒಪ್ಪಂದಕ್ಕೆ ಸಹಿ ಹಾಕಿ, ಇಂದಿನ ಕ್ಯಾಲಿಫೋರ್ನಿಯಾ ಸೇರಿದಂತೆ ವಿಶಾಲವಾದ ನೆಲವನ್ನು ಬಿಟ್ಟುಕೊಟ್ಟಿತು. ಆ ನೆಲದಲ್ಲೇ ಉಳಿದ ಮೆಕ್ಸಿಕನ್ನರು ಅಮೆರಿಕದ ಪ್ರಜೆಗಳಾದರು. ಆದರೆ ಹೊರಗಿನಿಂದ ಬಂದವರು ಪ್ರಜೆಗಳಾಗಬೇಕಾದರೆ ಬಿಳಿಯರಾಗಿರಬೇಕು ಎಂಬುದು 1790ರ ಕಾನೂನು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು, ಅಷ್ಟೇ. 1897ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ರಿಕಾರ್ಡೊ ರೊಡ್ರಿಗೆಸ್ ಎಂಬಾತ ಪೌರತ್ವ ಕೇಳಿದಾಗ ನ್ಯಾಯಾಲಯ ಇಕ್ಕಟ್ಟಿಗೆ ಸಿಲುಕಿತು. ಮಾನವಶಾಸ್ತ್ರದ ಲೆಕ್ಕದಲ್ಲಿ ಈತ ಬಿಳಿಯನಲ್ಲದೆ ಇರಬಹುದು, ಆದರೂ ಒಪ್ಪಂದಗಳನ್ನು ನೋಡಿದರೆ ಪೌರತ್ವಕ್ಕೆ ಅರ್ಹ ಎಂದು ತೀರ್ಪು ಬಂತು. ಮೆಕ್ಸಿಕನ್ನರ ಬಿಳಿತನ ಹೀಗೆ ಮೈಬಣ್ಣದಿಂದ ಬಂದದ್ದಲ್ಲ, ದಸ್ತಾವೇಜಿನಿಂದ ಬಂದದ್ದು. ಬೀದಿಯಲ್ಲಿ ದಸ್ತಾವೇಜನ್ನು ಯಾರೂ ಓದುವುದಿಲ್ಲ.

1929ರಲ್ಲಿ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಹುಟ್ಟಿದ, ಮೆಕ್ಸಿಕನ್ ಮೂಲದ ಪ್ರಜೆಗಳ 'ಲುಲಾಕ್' ಸಂಘಟನೆ ಈ ದಸ್ತಾವೇಜನ್ನೇ ಗುರಾಣಿ ಮಾಡಿಕೊಂಡಿತು. ನಾವೂ ಬಿಳಿಯರು, ನಾವೂ ಪ್ರಜೆಗಳು, ಬಿಳಿಯರ ಹಕ್ಕು ನಮಗೂ ಕೊಡಿ ಎಂಬುದು ಅದರ ವಾದ. ಮರುವರ್ಷವೇ, 1930ರ ಜನಗಣತಿಯಲ್ಲಿ, 'ಮೆಕ್ಸಿಕನ್' ಎಂಬ ಪ್ರತ್ಯೇಕ ಜನಾಂಗ ಕಾಣಿಸಿಕೊಂಡಿತು. ಲುಲಾಕ್ ಪ್ರತಿಭಟಿಸಿತು, ಮೆಕ್ಸಿಕೋ ಸರ್ಕಾರವೂ ಆಕ್ಷೇಪಿಸಿತು. 1940ರ ಹೊತ್ತಿಗೆ ಆ ಹೆಸರು ಅಳಿಸಿಹೋಗಿ ಮೆಕ್ಸಿಕನ್ನರು ಮತ್ತೆ ಬಿಳಿಯರಾದರು. ಜನಾಂಗದ ಮೇಲೆ ಬೇಲಿ ಹಾಕುವ ಕಾನೂನುಗಳ ಕಾಲದಲ್ಲಿ ಬೇಲಿಯ ಒಳಗೆ ಉಳಿಯಲು ಅವರು ಹೆಣಗಿದರೆಂದು ದೂರುವುದು ಕಷ್ಟ. ಆದರೆ ಆ ವಾದಕ್ಕೆ ಒಂದು ಬೆಲೆ ಇತ್ತು. ನಾವು ಬಿಳಿಯರು ಎನ್ನುವಾಗಲೆಲ್ಲ, ಬೇಲಿಯಿಂದ ಹೊರಗೆ ಇರುವುದು ಕಪ್ಪು ಜನರ ಪಾಡು, ನಮ್ಮದಲ್ಲ ಎಂದು ಒಪ್ಪಿಕೊಂಡಂತೆಯೂ ಆಗುತ್ತಿತ್ತು.

ಎರಡನೇ ಮಹಾಯುದ್ಧದ ನಡುವೆ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಂದು ಕುಟುಂಬ ಈ ಬೇಲಿಗೆ ಎದುರಾಯಿತು. ಗೊನ್ಸಾಲೊ ಮೆಂಡೆಸ್ ಮೆಕ್ಸಿಕೋ ಮೂಲದವರು, ಅವರ ಪತ್ನಿ ಫೆಲಿಸಿಟಾಸ್ ಪೋರ್ಟೊ ರಿಕೊದವರು. ಸರ್ಕಾರ ಶಿಬಿರಕ್ಕೆ ಅಟ್ಟಿದ್ದ ಜಪಾನೀ ಮೂಲದ ಮುನೆಮಿತ್ಸು ಕುಟುಂಬದ ಜಮೀನನ್ನು ಅವರು ಗೇಣಿಗೆ ಹಿಡಿದಿದ್ದರು. ಮಕ್ಕಳ ಸೋದರತ್ತೆ ತನ್ನ ಮಕ್ಕಳನ್ನೂ ಸೋದರನ ಮಕ್ಕಳನ್ನೂ ಒಟ್ಟಿಗೆ ಶಾಲೆಗೆ ಸೇರಿಸಲು ಕರೆದೊಯ್ದರು. ಆಕೆಯ ಮಕ್ಕಳದು ತಿಳಿ ಮೈಬಣ್ಣ, ಫ್ರೆಂಚರದೆಂಬಂತೆ ಕೇಳಿಸುವ ಅಡ್ಡಹೆಸರು. ಅವರಿಗೆ ಪ್ರವೇಶ ಸಿಕ್ಕಿತು. ಸಿಲ್ವಿಯಾ ಮೆಂಡೆಸ್ ಮತ್ತವಳ ತಮ್ಮಂದಿರಿಗೆ ಸಿಗಲಿಲ್ಲ, ಮೆಕ್ಸಿಕನ್ ಶಾಲೆಗೆ ಹೋಗಿ ಎಂದರು. ಆ ಶಾಲೆಯ ಪಕ್ಕದಲ್ಲೇ ದನದ ಹುಲ್ಲುಗಾವಲು ಮತ್ತು ವಿದ್ಯುತ್ ಹರಿಸಿದ ತಂತಿಬೇಲಿ ಇತ್ತೆಂದು ಸಿಲ್ವಿಯಾ ಮುಂದೆ ನೆನಪಿಸಿಕೊಂಡಿದ್ದಾರೆ. ಅತ್ತೆ ತಮ್ಮ ಮಕ್ಕಳನ್ನೂ ಅಲ್ಲಿ ಬಿಡದೆ ಹೊರಟುಬಂದರು. 1945ರಲ್ಲಿ ಐವರು ತಂದೆಯರು ಸುಮಾರು 5,000 ಮಕ್ಕಳ ಪರವಾಗಿ ನಾಲ್ಕು ಶಾಲಾ ಜಿಲ್ಲೆಗಳ, ಅಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳ ಮೇಲೆ ದಾವೆ ಹೂಡಿದರು. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಆದರೆ ಮೇಲ್ಮನವಿಯ ತೀರ್ಪು ನಿಂತದ್ದು ಒಂದು ಕಿರಿದಾದ ಆಧಾರದ ಮೇಲೆ: ಅಮೆರಿಕದ ಮೂಲನಿವಾಸಿ, ಚೀನೀ, ಜಪಾನೀ ಮಕ್ಕಳನ್ನು ಬೇರೆ ಕೂರಿಸಲು ರಾಜ್ಯದ ಕಾನೂನಿತ್ತು, ಮೆಕ್ಸಿಕನ್ ಮಕ್ಕಳನ್ನು ಕೂರಿಸಲು ಇರಲಿಲ್ಲ. ಆ ಕಾನೂನನ್ನು ರಾಜ್ಯ ಅದೇ ವರ್ಷ ತೆಗೆದುಹಾಕಿತು. ಅದಕ್ಕೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರೆನ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಈ ಇಡೀ ಇತಿಹಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಟೆಕ್ಸಸ್‌ನ ಎಡ್ನಾ ಎಂಬ ಸಣ್ಣ ಊರು. ಜಾಕ್ಸನ್ ಕೌಂಟಿಯ ಕೇಂದ್ರ ಅದು, ಹತ್ತಿಯ ಸೀಮೆ. 1951ರ ಆಗಸ್ಟ್‌ನಲ್ಲಿ ಪೀಟ್ ಹೆರ್ನಾಂಡೆಸ್ ಎಂಬ ಹತ್ತಿ ಬಿಡಿಸುವ ಕೂಲಿ ಅಲ್ಲಿನ ಮದ್ಯದಂಗಡಿಯಲ್ಲಿ ನಡೆದ ಜಗಳದಲ್ಲಿ ಇನ್ನೊಬ್ಬ ಮೆಕ್ಸಿಕನ್ ಮೂಲದವನನ್ನು ಗುಂಡಿಟ್ಟು ಕೊಂದ. ಕೊಂದಿದ್ದರ ಬಗ್ಗೆ ವಿವಾದವೇ ಇರಲಿಲ್ಲ. ಆತನ ಪರ ನಿಂತ ವಕೀಲರು ಗುಸ್ ಗಾರ್ಸಿಯಾ, ಕಾರ್ಲೊಸ್ ಕಡೆನಾ, ಜಾನ್ ಹೆರೆರಾ ಮತ್ತು ಜೇಮ್ಸ್ ಡಿಆಂಡಾ. ಅವರು ಎತ್ತಿದ ಪ್ರಶ್ನೆ ಕೊಲೆಯದ್ದಲ್ಲ. ಈತನಿಗೆ ತೀರ್ಪು ಕೊಡಲು ಕೂತವರು ಯಾರು ಎಂದು ಅವರು ಕೇಳಿದರು.

ಅಮೆರಿಕದಲ್ಲಿ ಗಂಭೀರ ಅಪರಾಧದ ವಿಚಾರಣೆಯಲ್ಲಿ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳುವುದು ಸಾಮಾನ್ಯವಾಗಿ ಊರಿನವರಿಂದಲೇ ಆರಿಸಿದ ಜ್ಯೂರಿ. ಜಾಕ್ಸನ್ ಕೌಂಟಿಯ ಜನಸಂಖ್ಯೆಯಲ್ಲಿ ಶೇ 14ರಷ್ಟು ಮಂದಿ ಮೆಕ್ಸಿಕನ್ ಅಥವಾ ಲ್ಯಾಟಿನ್ ಅಮೆರಿಕನ್ ಅಡ್ಡಹೆಸರಿನವರು. ಇಪ್ಪತ್ತೈದು ವರ್ಷಗಳಲ್ಲಿ ಅಲ್ಲಿ ಜ್ಯೂರಿಗೆ ಕರೆದದ್ದು 6,000ಕ್ಕೂ ಹೆಚ್ಚು ಜನರನ್ನು. ಅವರಲ್ಲಿ ಅಂಥ ಅಡ್ಡಹೆಸರಿನ ಒಬ್ಬರೂ ಇರಲಿಲ್ಲ. ಜ್ಯೂರಿಗೆ ಬೇಕಾದ ಅರ್ಹತೆಯುಳ್ಳವರು ಆ ಸಮುದಾಯದಲ್ಲಿ ಇದ್ದಾರೆಂದು ಸರ್ಕಾರಿ ಕಡೆಯವರೇ ಒಪ್ಪಿಕೊಂಡಿದ್ದರು.

ಆದರೂ ಅವರ ಉತ್ತರ ಸಿದ್ಧವಿತ್ತು. ಸಂವಿಧಾನದ 14ನೇ ತಿದ್ದುಪಡಿಯ ಸಮಾನ ರಕ್ಷಣೆ ಗುರುತಿಸುವುದು ಎರಡೇ ವರ್ಗಗಳನ್ನು, ಬಿಳಿಯರು ಮತ್ತು ಕಪ್ಪು ಜನ. ಮೆಕ್ಸಿಕನ್ನರು ಬಿಳಿಯರು. ಜ್ಯೂರಿಯಲ್ಲಿ ಕೂತವರೂ ಬಿಳಿಯರು. ಬಿಳಿಯನಿಗೆ ಬಿಳಿಯರಿಂದಲೇ ವಿಚಾರಣೆಯಾಗಿರುವಾಗ ತಾರತಮ್ಯವೆಲ್ಲಿ? ಇಪ್ಪತ್ತು ವರ್ಷ ಗುರಾಣಿಯಾಗಿ ಹಿಡಿದಿದ್ದ ದಸ್ತಾವೇಜು ಈಗ ಎದುರಾಳಿಯ ಕೈಯ ಕತ್ತಿಯಾಗಿತ್ತು. ಟೆಕ್ಸಸ್‌ನ ಮೇಲ್ಮನವಿ ನ್ಯಾಯಾಲಯ 1952ರಲ್ಲಿ ಈ ವಾದವನ್ನೇ ಎತ್ತಿಹಿಡಿಯಿತು.

ಅದಕ್ಕೆ ಪ್ರತಿಯಾಗಿ ವಕೀಲರು ಊರನ್ನೇ ಸಾಕ್ಷಿಗೆ ಕರೆದರು. ಒಂದು ಹೋಟೆಲಿನಲ್ಲಿ ಮೆಕ್ಸಿಕನ್ನರಿಗೆ ಊಟ ಕೊಡುವುದಿಲ್ಲ ಎಂಬ ಫಲಕ ತೂಗುತ್ತಿತ್ತು. ತೀರಾ ಇತ್ತೀಚಿನವರೆಗೂ ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ನಾಲ್ಕು ತರಗತಿಗಳನ್ನು ಬೇರೆ ಶಾಲೆಯಲ್ಲೇ ಓದಬೇಕಿತ್ತು. ವಿಚಾರಣೆ ನಡೆಯುತ್ತಿದ್ದ ನ್ಯಾಯಾಲಯದ ಆವರಣದಲ್ಲೇ ಗಂಡಸರಿಗೆ ಎರಡು ಶೌಚಾಲಯಗಳಿದ್ದವು. ಒಂದರ ಮೇಲೆ ಯಾವ ಬರಹವೂ ಇರಲಿಲ್ಲ. ಇನ್ನೊಂದರ ಮೇಲೆ ಎರಡು ಬರಹಗಳು: ಇಂಗ್ಲಿಷಿನಲ್ಲಿ 'ಕಲರ್ಡ್ ಮೆನ್', ಅದರ ಜೊತೆಗೆ ಸ್ಪ್ಯಾನಿಷ್‌ನಲ್ಲಿ 'ಓಂಬ್ರೆಸ್ ಅಕಿ', ಅಂದರೆ ಗಂಡಸರು ಇಲ್ಲಿ. ಒಳಗೆ ಮೆಕ್ಸಿಕನ್ನರೂ ಬಿಳಿಯರೇ ಎಂದು ವಾದ ನಡೆಯುತ್ತಿದ್ದಾಗ, ಹೊರಗಿನ ಆ ಬಾಗಿಲು ಬೇರೆಯದನ್ನೇ ಹೇಳುತ್ತಿತ್ತು. ಸ್ಪ್ಯಾನಿಷ್ ಓದಬಲ್ಲವನು ಬರಹವಿಲ್ಲದ ಬಾಗಿಲಿಗೆ ಕೈಹಾಕಬಾರದೆಂದು ಯಾರೋ ಯೋಚಿಸಿ, ಬಣ್ಣ ತಂದು, ಬರೆದಿದ್ದರು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಖರ್ಚಿಗೆ ಲುಲಾಕ್ ಮತ್ತು ಯುದ್ಧದಿಂದ ಮರಳಿದ ಸೈನಿಕರ ಸಂಘಟನೆ ಅಮೆರಿಕನ್ ಜಿಐ ಫೋರಂ ನೆರವಾದವು. ಜಿಐ ಫೋರಂ ಅನ್ನು 1948ರಲ್ಲಿ ಕಟ್ಟಿದವರು ಡಾ. ಹೆಕ್ಟರ್ ಗಾರ್ಸಿಯಾ ಎಂಬ ವೈದ್ಯರು. 1954ರ ಜನವರಿಯಲ್ಲಿ ಗುಸ್ ಗಾರ್ಸಿಯಾ ಮತ್ತು ಕಡೆನಾ ವಾಷಿಂಗ್‌ಟನ್‌ನಲ್ಲಿ ವಾದಿಸಿದರು. ನಿಗದಿತ ಸಮಯ ಮುಗಿದರೂ ಗಾರ್ಸಿಯಾ ಅವರ ಮಾತನ್ನು ನ್ಯಾಯಮೂರ್ತಿಗಳು ತಡೆಯಲಿಲ್ಲವೆಂದು ಅಂದು ಜೊತೆಗಿದ್ದವರು ನೆನೆಯುತ್ತಿದ್ದರು. ಮೇ 3ರಂದು ತೀರ್ಪು ಬಂತು, ಸರ್ವಾನುಮತದ ತೀರ್ಪು. ಬರೆದವರು ಆ ವೇಳೆಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅದೇ ಅರ್ಲ್ ವಾರೆನ್. ಸಮಾನ ರಕ್ಷಣೆ ಎರಡು ವರ್ಗಗಳಿಗಷ್ಟೇ ಮೀಸಲಲ್ಲ. ಸ್ಥಳೀಯವಾಗಿ ಒಂದು ಗುಂಪನ್ನು ಬೇರೆಯಾಗಿ ಕಾಣುತ್ತಾರೆಂದು ತೋರಿಸಿಕೊಟ್ಟರೆ ಆ ಗುಂಪಿಗೂ ಅದು ಸಲ್ಲುತ್ತದೆ. ಆರು ಸಾವಿರ ಜನರಲ್ಲಿ ಒಬ್ಬರೂ ಇಲ್ಲದಿರುವುದು ಬರೀ ಆಕಸ್ಮಿಕ ಎಂದರೆ ನಂಬಲಾಗದು. ಶೌಚಾಲಯದ ಬರಹವೂ ತೀರ್ಪಿನೊಳಗೆ ಸೇರಿತು. ಎರಡು ವಾರಗಳ ನಂತರ, ಮೇ 17ರಂದು, ಶಾಲೆಗಳಲ್ಲಿನ ವರ್ಣಭೇದವನ್ನು ರದ್ದುಪಡಿಸಿದ ಬ್ರೌನ್ ತೀರ್ಪು ಬಂತು. ಎಡ್ನಾದ ಕಥೆ ಅದರ ನೆರಳಿನಲ್ಲಿ ಮರೆಯಾಯಿತು. ಈ ಮರೆವು ನನಗೆ ಇಂದಿಗೂ ಅನ್ಯಾಯವಾಗಿ ಕಾಣುತ್ತದೆ.

ಹೆರ್ನಾಂಡೆಸ್ ಮರುವಿಚಾರಣೆಯಲ್ಲೂ ತಪ್ಪಿತಸ್ಥನೆಂದೇ ಸಾಬೀತಾದ. ಕಡೆನಾ ಮುಂದೆ ನ್ಯಾಯಾಧೀಶರಾದರು, ಡಿಆಂಡಾ ಫೆಡರಲ್ ನ್ಯಾಯಾಧೀಶರಾದರು. ಗುಸ್ ಗಾರ್ಸಿಯಾ ಕುಡಿತಕ್ಕೆ ಸಿಲುಕಿ, 1964ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಒಂದು ಬೆಂಚಿನ ಮೇಲೆ ಪ್ರಾಣ ಬಿಟ್ಟರು. ಆಗ ಅವರಿಗೆ ಐವತ್ತು ತುಂಬಿರಲಿಲ್ಲ.

ತೀರ್ಪು ಬಂದ ಮಾತ್ರಕ್ಕೆ ದಸ್ತಾವೇಜಿನ ಆಟ ನಿಲ್ಲಲಿಲ್ಲ. ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸಿ ಎಂದು ಬ್ರೌನ್ ತೀರ್ಪು ಹೇಳಿದ ಮೇಲೆ, ಟೆಕ್ಸಸ್‌ನ ಕೆಲವು ಶಾಲಾ ಜಿಲ್ಲೆಗಳು ಕಪ್ಪು ಮಕ್ಕಳ ಜೊತೆ ಮೆಕ್ಸಿಕನ್ ಮಕ್ಕಳನ್ನು ಕೂರಿಸಿ, ಕಪ್ಪು ಮತ್ತು ಬಿಳಿ ಬೆರೆತಾಯಿತಲ್ಲ ಎಂದವು. ಬಿಳಿಯರ ಶಾಲೆಗಳು ಇದ್ದ ಹಾಗೇ ಉಳಿದವು. 1970ರಲ್ಲಿ ಹ್ಯೂಸ್ಟನ್‌ನ ಮೆಕ್ಸಿಕನ್ ಪೋಷಕರು ಶಾಲೆ ಬಹಿಷ್ಕರಿಸಿ ತಾವೇ ತಾತ್ಕಾಲಿಕ ಶಾಲೆಗಳನ್ನು ನಡೆಸಿದರು. ನಾವು ಕಂದು ಬಣ್ಣದವರು, ಬಿಳಿಯರಲ್ಲ ಎಂಬುದು ಅವರ ಘೋಷಣೆ. ಅದೇ ವರ್ಷ ಕಾರ್ಪಸ್ ಕ್ರಿಸ್ಟಿಯಲ್ಲಿ, ಉಕ್ಕು ಕಾರ್ಮಿಕರ ಸಂಘದ ಸದಸ್ಯರ ಪರವಾಗಿ ವಾದಿಸಿದ ಡಿಆಂಡಾ, ಮೆಕ್ಸಿಕನ್ ಅಮೆರಿಕನ್ನರು ಗುರುತಿಸಬಹುದಾದ ಅಲ್ಪಸಂಖ್ಯಾತರೆಂಬ ತೀರ್ಪು ಪಡೆದರು. 'ನಾವೂ ಬಿಳಿಯರು' ಎಂಬ ಸಂಘಟನೆ ಹುಟ್ಟಿದ ಊರಿನಲ್ಲೇ, ನಲವತ್ತೊಂದು ವರ್ಷಗಳ ನಂತರ.

ಬೇರೆ ಗುಂಪು ಎಂದ ಮೇಲೆ ಎಣಿಸಬೇಕಲ್ಲ. 1970ರ ಗಣತಿಯಲ್ಲಿ ಶೇ 5ರಷ್ಟು ಮನೆಗಳಿಗೆ ಮಾತ್ರ ಸ್ಪ್ಯಾನಿಷ್ ಮೂಲದ ಪ್ರಶ್ನೆ ಕೇಳಿದರು. ಉತ್ತರಗಳಲ್ಲಿ 'ಮಧ್ಯ ಅಥವಾ ದಕ್ಷಿಣ ಅಮೆರಿಕನ್' ಎಂಬುದೂ ಇತ್ತು. ಅದನ್ನು ನೋಡಿ, ಅಮೆರಿಕದ ನಡುಭಾಗದ ಮತ್ತು ದಕ್ಷಿಣ ರಾಜ್ಯಗಳ ಎಷ್ಟೋ ಜನ ತಮ್ಮನ್ನೇ ಕೇಳುತ್ತಿದ್ದಾರೆಂದುಕೊಂಡು ಗುರುತು ಹಾಕಿದರು. ಇತ್ತ ಎಣಿಕೆಯಿಂದ ತಪ್ಪಿಹೋದವರ ದೂರು ಜೋರಾಯಿತು. ಲಾಸ್ ಏಂಜಲೀಸ್‌ನ ಸಂಸದ ಎಡ್ವರ್ಡ್ ರೊಯ್‌ಬಾಲ್ ಅವರ ಪ್ರಯತ್ನದಿಂದ 1976ರಲ್ಲಿ ಸ್ಪ್ಯಾನಿಷ್ ಮೂಲದವರ ಅಂಕಿಅಂಶ ಸಂಗ್ರಹಿಸುವ ಕಾನೂನು ಬಂತು. 1977ರಲ್ಲಿ ಕೇಂದ್ರ ಸರ್ಕಾರದ 15ನೇ ನಿರ್ದೇಶನ 'ಹಿಸ್ಪಾನಿಕ್' ಎಂಬ ಪದಕ್ಕೆ ವ್ಯಾಖ್ಯೆ ಕೊಟ್ಟಿತು: ಮೆಕ್ಸಿಕೋ, ಪೋರ್ಟೊ ರಿಕೊ, ಕ್ಯೂಬಾ, ಮಧ್ಯ ಅಥವಾ ದಕ್ಷಿಣ ಅಮೆರಿಕ ಇಲ್ಲವೇ ಬೇರೆ ಸ್ಪ್ಯಾನಿಷ್ ಸಂಸ್ಕೃತಿಯ ಮೂಲದವರು, ಜನಾಂಗ ಯಾವುದೇ ಇರಲಿ. ಹಳೆಯ ಸಿಕ್ಕನ್ನು ಬಿಡಿಸಲಾಗದೆ, ಈ ಕೊನೆಯ ಮಾತಿನಿಂದ ಮಡಚಿಟ್ಟರು. 1980ರಲ್ಲಿ ಪ್ರಶ್ನೆ ಎಲ್ಲ ಮನೆಗಳಿಗೂ ಹೋಯಿತು, 1.46 ಕೋಟಿ ಜನ ಲೆಕ್ಕಕ್ಕೆ ಬಂದರು.

ಈ ಕಾಲಂಗಳ ಕಥೆ ನಮ್ಮವರಿಗೂ ತಾಗಿದೆ. 1930ರ ಗಣತಿಯಲ್ಲಿ 'ಮೆಕ್ಸಿಕನ್' ಜೊತೆಗೇ 'ಹಿಂದೂ' ಎಂಬುದೂ ಒಂದು ಜನಾಂಗವಾಗಿತ್ತು. ಸಿಖ್ಖರನ್ನೂ ಮುಸ್ಲಿಮರನ್ನೂ ಅದರಲ್ಲೇ ತುಂಬಿದ್ದರು. 1923ರಲ್ಲಿ ಪಂಜಾಬಿನಿಂದ ವಲಸೆ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ಬಿಳಿಯರಲ್ಲವೆಂದು ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತ್ತು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಪಂಜಾಬಿ ರೈತರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಹೂಡಿದರು. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು, ಅದೇ 15ನೇ ನಿರ್ದೇಶನ ಅವರನ್ನು ಏಷ್ಯನ್ನರ ಸಾಲಿಗೆ ತಂದಿತು. ಇಂದು ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ 'ಏಷ್ಯನ್ ಇಂಡಿಯನ್' ಎಂದು ಗುರುತು ಹಾಕುವ ಚೌಕ 1980ರಲ್ಲಿ ಮೊದಲು ಬಂದದ್ದು.

2024ರ ನಿಯಮದ ಪ್ರಕಾರ ಇನ್ನು ಒಂದೇ ಪ್ರಶ್ನೆ, ಏಳು ವರ್ಗಗಳು, ಅದರಲ್ಲಿ ಹಿಸ್ಪಾನಿಕ್ ಕೂಡ ಒಂದು. ಎಷ್ಟಕ್ಕೆ ಬೇಕಾದರೂ ಗುರುತು ಹಾಕಬಹುದು. 'ಬೇರೆ ಯಾವುದೋ' ಎಂಬ ಚೌಕಕ್ಕೆ ಹೋಗಿ ಬೀಳುತ್ತಿದ್ದವರಿಗೆ ಇದು ನೆಮ್ಮದಿ ಎಂದು ಬೆಂಬಲಿಗರು ಹೇಳುತ್ತಾರೆ, ನನಗೂ ಇದು ಬಹುಮಟ್ಟಿಗೆ ಸರಿ ಎನಿಸುತ್ತದೆ. ಆದರೆ ಆಫ್ರೋ-ಲ್ಯಾಟಿನೋ ವಿದ್ವಾಂಸರ ಆತಂಕವನ್ನು ತಳ್ಳಿಹಾಕಲಾಗದು. ಡೊಮಿನಿಕನ್ ಗಣರಾಜ್ಯದಿಂದ ಬಂದ ಕಪ್ಪು ಮಹಿಳೆ ಹಿಸ್ಪಾನಿಕ್ ಎಂಬ ಒಂದೇ ಗುರುತು ಹಾಕಿ ನಮೂನೆ ಮಡಚಿದರೆ, ಬಾಡಿಗೆ ಮನೆ ಹುಡುಕುವಾಗ ಆಕೆಯ ಮೈಬಣ್ಣಕ್ಕೆ ಎದುರಾಗುವ ತೊಂದರೆ ಯಾವ ಅಂಕಿಯಲ್ಲೂ ಕಾಣುವುದಿಲ್ಲ. ಮತದಾನದ ಹಕ್ಕಿನ ಮೊಕದ್ದಮೆ, ಜ್ಯೂರಿ ಪಟ್ಟಿಯ ತಕರಾರು, ಇವೆಲ್ಲ ನಿಲ್ಲುವುದು ಆ ಅಂಕಿಗಳ ಮೇಲೆಯೇ. ಎಡ್ನಾದ ವಕೀಲರ ಬಳಿ ಇದ್ದದ್ದು ಅಡ್ಡಹೆಸರುಗಳ ಲೆಕ್ಕವಷ್ಟೇ. ಅವರು ಇಪ್ಪತ್ತೈದು ವರ್ಷಗಳ ಜ್ಯೂರಿ ಪಟ್ಟಿಯಲ್ಲಿ ಅಡ್ಡಹೆಸರುಗಳನ್ನು ಹುಡುಕಿ, ಒಂದೂ ಸಿಗದೆ ಹೋದದ್ದನ್ನೇ ಸಾಕ್ಷಿಯಾಗಿ ಮುಂದಿಟ್ಟರು.